ಕೋಣೆ ಜೋಡಿಸುವ ಆಟ: ಗೊಂಬೆ ಹಬ್ಬದಿಂದ ನಲಿ ಕಲಿಯವರೆಗೆ

ದಸರೆಯಲ್ಲಿ ಗೊಂಬೆ ಕೂರಿಸುವುದನ್ನು ನಾವು ಹಬ್ಬವೆಂದಷ್ಟೇ ಎಣಿಸುತ್ತೇವೆ. ಮಕ್ಕಳ ಪಾಲಿಗೆ ಅದು ಕೋಣೆಯ ವಿನ್ಯಾಸದ ಮೊದಲ ಪಾಠವೂ ಆಗಿತ್ತು. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳದು. ಅಲ್ಲಿ ಹಿರಿಯರದೇ ಅಧಿಕಾರ. ಕೆಳಗಿನ ನೆಲ ಮಾತ್ರ ಮಕ್ಕಳದು. ತಟ್ಟೆಯ ಮಣ್ಣಿನಲ್ಲಿ ರಾಗಿ ಮೊಳೆಯಿಸಿದರೆ ಹೊಲ, ಕನ್ನಡಿಯ ತುಂಡಿಟ್ಟರೆ ಕೆರೆ, ಬೆಂಕಿಪೊಟ್ಟಣ ನಿಲ್ಲಿಸಿದರೆ ಮನೆ, ಚನ್ನಪಟ್ಟಣದ ಅರಗಿನ ಆಟಿಕೆಗಳು ಸೇರಿದರೆ ಸಂಸಾರ. ಕೆರೆ ಊರ ಮುಂದಿರಬೇಕೋ ಹಿಂದಿರಬೇಕೋ ಎಂಬ ಜಗಳವನ್ನು ಅವರೇ ಹೂಡಿ ಅವರೇ ತೀರ್ಮಾನಿಸುತ್ತಿದ್ದರು.

ಅದೇ ಮಗು ಶಾಲೆಯ ಹೊಸ್ತಿಲು ದಾಟಿದೊಡನೆ ಆ ಅಧಿಕಾರವನ್ನು ಕಳೆದುಕೊಳ್ಳುತ್ತಿತ್ತು. ಕಪ್ಪುಹಲಗೆ ನಮ್ಮ ಎತ್ತರಕ್ಕೆ, ಮೊಳೆಯೂ ನಮ್ಮ ಎತ್ತರಕ್ಕೆ. ಮಕ್ಕಳು ಸಾಲಾಗಿ ಕುಳಿತು ಮುಂದಿನವರ ಬೆನ್ನು ನೋಡಬೇಕು. 1907ರಲ್ಲಿ ಮರಿಯಾ ಮಾಂಟೆಸ್ಸೊರಿಯವರು ರೋಮ್ ನಗರದಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಮೇಜು, ಕುರ್ಚಿ, ಕಪಾಟುಗಳೆಲ್ಲ ಮಗುವಿನ ಅಳತೆಗೆ ಇಳಿದವು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೆ ಆ ಗಾಳಿ ನಮ್ಮ ಹಳ್ಳಿಗಳ ಸರ್ಕಾರಿ ಶಾಲೆಗಳ ಕಡೆಗೆ ಬಹುಕಾಲ ಬೀಸಲಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ ‘ನಲಿ ಕಲಿ’ ಆರಂಭವಾಯಿತು. ಆಂಧ್ರದ ಋಷಿ ವ್ಯಾಲಿಯ ಪದ್ಧತಿಯನ್ನು ಕಣ್ಣಾರೆ ಕಂಡುಬಂದ ಶಿಕ್ಷಕರೇ ಅದನ್ನು ಇಲ್ಲಿಗೆ ಒಗ್ಗಿಸಿದರು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ ಅದು ವಿಸ್ತರಿಸಿತು. ಸಾಲುಗಳು ಕರಗಿ ಮಕ್ಕಳು ಗುಂಪಾಗಿ ವೃತ್ತದಲ್ಲಿ ಕುಳಿತರು. ಗೋಡೆಯ ಬುಡದಲ್ಲಿ ಕಪ್ಪುಹಲಗೆ ಬಂದಿತು. ಮಕ್ಕಳ ಚಿತ್ರಗಳನ್ನು ತೂಗುಹಾಕಲು ದಾರದ ಚಪ್ಪರ, ಯಾರು ಎಲ್ಲಿದ್ದಾರೆಂದು ತೋರಿಸಲು ಕಲಿಕಾ ಏಣಿ ಬಂದವು.

ಇದು ಬರಿಯ ಅಲಂಕಾರವಾಗಿರಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ನಮ್ಮ ಮಕ್ಕಳಲ್ಲಿ ಕೆಲವರು ಮಗ್ಗದ ಮನೆಯವರು, ಕೆಲವರು ಹೊಲದವರು. ರಾಗಿ ಕೊಯ್ಲಿಗೆಂದು ಮೂರು ವಾರ ಶಾಲೆ ತಪ್ಪಿಸಿಕೊಂಡವರು ಮರಳುವ ವೇಳೆಗೆ ಪಾಠ ಮುಂದೆ ಸಾಗಿರುತ್ತಿತ್ತು. ನಾಚಿಕೆಯಿಂದ ಕೆಲವರು ಬರುವುದನ್ನೇ ಬಿಡುತ್ತಿದ್ದರು. ಏಣಿ ಬಂದ ಬಳಿಕ ಮಗು ತಾನು ಬಿಟ್ಟುಹೋದ ಮೆಟ್ಟಿಲನ್ನು ತಾನೇ ಹುಡುಕಿ, ಅಲ್ಲಿಂದಲೇ ಹತ್ತುವುದು ಸಾಧ್ಯವಾಯಿತು. ಕೋಣೆಯೇ ಅದಕ್ಕೆ ಸ್ಥಳ ಕಾದಿರಿಸಿತ್ತು.

ಆದರೂ ಒಂದು ಮಾತು. ಚಪ್ಪರದ ದಾರ ಮಗುವಿನ ಕೈಗೆ ನಿಲುಕದೆ ಸೂರಿಗೇರಿದ ಕಡೆಗಳಲ್ಲಿ, ಅಚ್ಚಾದ ಚಿತ್ರಪಟಗಳೇ ತೂಗಿದ ಕಡೆಗಳಲ್ಲಿ, ಕೋಣೆ ಮತ್ತೆ ಹಿರಿಯರ ವಶವಾಯಿತು. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು. ಎಲ್ಲರೂ ಹೆಚ್ಚುಕಡಿಮೆ ತಂದೆತಾಯಂದಿರು. ಮನೆಯಲ್ಲಾಗಲಿ ತರಗತಿಯಲ್ಲಾಗಲಿ ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಅಲ್ಲಿ ಮೊಳೆ ಹೊಡೆಯುವ ಮುನ್ನ ಮಗುವನ್ನು ಗೋಡೆಗೆ ನಿಲ್ಲಿಸಿ, ಅದರ ಕೈ ಎಷ್ಟೆತ್ತರಕ್ಕೆ ಹೋಗುತ್ತದೆಂದು ನೋಡಿಕೊಳ್ಳಿ.