ಯಾಶಿನ್ ಕಾದ ಮೂರು ವರ್ಷ

ಲೆವ್ ಯಾಶಿನ್ ಹೆಸರೆತ್ತಿದರೆ ಫುಟ್‌ಬಾಲ್ ಬಲ್ಲವರು 1963ನ್ನು ನೆನೆಯುತ್ತಾರೆ. ಗೋಲ್‌ಕೀಪರೊಬ್ಬನಿಗೆ ಬ್ಯಾಲನ್ ಡಿ ಓರ್ ಪ್ರಶಸ್ತಿ ಸಂದ ಒಂದೇ ವರ್ಷ ಅದು. ಬೆಂಗಳೂರಿನ ಹುಡುಗರಿಗೆ ಗೋಲ್‌ಕೀಪಿಂಗ್ ಕಲಿಸುವ ನನಗೆ ಮಾತ್ರ 1950 ಹೆಚ್ಚು ಮುಖ್ಯ. ಆ ವರ್ಷ ಯಾಶಿನ್ ಆಡಿದ್ದೆಲ್ಲ ಕೆಟ್ಟಿತ್ತು.

ಅವನು ಹುಟ್ಟಿದ್ದು 1929ರಲ್ಲಿ, ಮಾಸ್ಕೋದ ಕಾರ್ಮಿಕರ ಮನೆಯಲ್ಲಿ. 1941ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಮನೆಮಂದಿಯೆಲ್ಲ ಉಲ್ಯಾನೋವ್ಸ್ಕ್ ಕಡೆಗೆ ಹೋಗಬೇಕಾಯಿತು. ಶಾಲೆಗೆ ಹೋಗುವ ವಯಸ್ಸಿನ ಹುಡುಗ ಕಾರ್ಖಾನೆ ಕೆಲಸಕ್ಕೆ ನಿಂತ. ಹದಿನೆಂಟು ತುಂಬುವ ಹೊತ್ತಿಗೆ ಮನಸ್ಸು ಕುಸಿದು, ಕೆಲಸಕ್ಕೆ ಹೋಗಲಾರದ ಸ್ಥಿತಿ ಬಂತು. ಸೇನೆಗೆ ಸೇರಿದ ಮೇಲೆ ಚೇತರಿಸಿಕೊಂಡ. ಡೈನಮೊ ಮಾಸ್ಕೋ ಕ್ಲಬ್ಬಿನ ಕೋಚ್ ಅರ್ಕಾಡಿ ಚೆರ್ನಿಶೊವ್ ಕಣ್ಣಿಗೆ ಬಿದ್ದದ್ದು ಆಗಲೇ.

ಡೈನಮೊದ ಗೋಲು ಆಗ ಅಲೆಕ್ಸಿ ಖೋಮಿಚ್ ಕಾವಲಿನಲ್ಲಿತ್ತು. 1945ರ ಬ್ರಿಟನ್ ಪ್ರವಾಸದಲ್ಲಿ ‘ಹುಲಿ’ ಎಂಬ ಬಿರುದು ಪಡೆದು ಬಂದವನು ಖೋಮಿಚ್. ಅಂಥವನ ಹಿಂದೆ ನಿಂತ ಯಾಶಿನ್‌ಗೆ 1950ರ ವಸಂತದಲ್ಲಿ ಸ್ಟಾಲಿನ್‌ಗ್ರಾಡ್ ತಂಡದ ಎದುರು ಒಂದು ಸ್ನೇಹಪಂದ್ಯ ಸಿಕ್ಕಿತು. ಎದುರಾಳಿ ಗೋಲ್‌ಕೀಪರ್ ಆ ಕೊನೆಯಿಂದ ಒದ್ದ ಚೆಂಡನ್ನು ಹಿಡಿಯಲು ಯಾಶಿನ್ ಮುಂದೆ ಓಡಿಬಂದ, ತನ್ನದೇ ಡಿಫೆಂಡರ್‌ಗೆ ಡಿಕ್ಕಿ ಹೊಡೆದ. ಚೆಂಡು ಪುಟಿದು ಗೋಲಿನೊಳಗೆ ಹೋಯಿತು.

ಜುಲೈ 2ರಂದು ಸ್ಪಾರ್ಟಕ್ ಎದುರಿನ ಲೀಗ್ ಪಂದ್ಯದಲ್ಲಿ ಖೋಮಿಚ್ ಗಾಯಗೊಂಡ. ಡೈನಮೊ 1–0 ಮುಂದಿತ್ತು. ಬದಲಿಗೆ ಇಳಿದ ಯಾಶಿನ್ ಎತ್ತರದ ಚೆಂಡಿಗೆ ಹೊರಬಂದು ಮತ್ತೆ ತನ್ನ ತಂಡದವನಿಗೇ ಡಿಕ್ಕಿಯಾದ, ಸ್ಪಾರ್ಟಕ್‌ನ ಪಾರ್ಶಿನ್ ಹೆಡ್ ಮಾಡಿ ಸಮ ಮಾಡಿದ. ಮುಂದೆ ಟಿಬಿಲಿಸಿಯಲ್ಲಿ 4–1ರ ಮುನ್ನಡೆ ಕರಗಿ 4–4 ಆಯಿತು. ಡೈನಮೊ ಕೊನೆಗೆ 5–4ರಿಂದ ಗೆದ್ದರೂ ಯಾಶಿನ್ ಬೆಂಚಿಗೆ ಮರಳಿದ. 1953ರವರೆಗೆ ಅವನಿಗೆ ಇನ್ನೊಂದು ಲೀಗ್ ಪಂದ್ಯ ಸಿಗಲಿಲ್ಲ.

ಈ ಮೂರೂ ಪಂದ್ಯಗಳನ್ನು ಹುಡುಗರಿಗೆ ನಾನು ಬಿಡಿಸಿ ಹೇಳುತ್ತೇನೆ. ಮೊದಲ ಎರಡು ಪಂದ್ಯಗಳಲ್ಲೂ ಯಾಶಿನ್ ಗೆರೆಯ ಮೇಲೆ ಅಂಟಿಕೊಂಡು ನಿಂತು ಗೋಲು ಬಿಡಲಿಲ್ಲ, ಮುಂದೆ ಬಂದು ಬಿಟ್ಟ. ಯಾವಾಗ ಬರಬೇಕು, ಬರುವಾಗ ಡಿಫೆಂಡರ್‌ಗೆ ಹೇಗೆ ಕೂಗಿ ಹೇಳಬೇಕು ಎಂಬುದು ಅವನಿಗೆ ಇನ್ನೂ ಕೈವಶವಾಗಿರಲಿಲ್ಲ. ಹೊರಗೆ ಬರುವ ಧೈರ್ಯ ಮಾತ್ರ ಆಗಲೇ ಇತ್ತು.

ಕಾಯುವ ಆ ವರ್ಷಗಳಲ್ಲಿ ಅವನು ಐಸ್ ಹಾಕಿಯ ಗೋಲು ಕಾದ. ಚೆರ್ನಿಶೊವ್ ಹಾಕಿಯ ದೊಡ್ಡ ಕೋಚ್ ಕೂಡ ಆಗಿದ್ದ. ಹಾಕಿಯ ಗೋಲು ಆರಡಿ ಅಗಲ, ನಾಲ್ಕಡಿ ಎತ್ತರ; ಫುಟ್‌ಬಾಲಿನದು ಇಪ್ಪತ್ತನಾಲ್ಕಡಿ ಅಗಲ, ಎಂಟಡಿ ಎತ್ತರ. ಚಿಕ್ಕ ಗೋಲಿನ ಮುಂದೆ ನಿಂತವನು ಎದುರಾಳಿಯ ಕಡೆ ಹೆಜ್ಜೆ ಮುಂದಿಟ್ಟು ಕೋನ ಮುಚ್ಚಲೇಬೇಕು, ಕಣ್ಣು ಮಿಟುಕಿಸುವುದರೊಳಗೆ ಕೈ ಹೋಗಬೇಕು. ದೊಡ್ಡ ಗೋಲಿಗೆ ಬೇಕಾದ ವಿದ್ಯೆಯನ್ನು ಯಾಶಿನ್ ಅಲ್ಲಿ ಹದ ಮಾಡಿಕೊಂಡ ಎಂದೇ ನಾನು ನಂಬಿದ್ದೇನೆ. 1953ರಲ್ಲಿ ಡೈನಮೊ ಸೋವಿಯತ್ ಹಾಕಿ ಕಪ್ ಗೆದ್ದಾಗ ಗೋಲಿನಲ್ಲಿ ಅವನಿದ್ದ.

ಅಷ್ಟು ಹೊತ್ತಿಗೆ ಖೋಮಿಚ್ ಕ್ಲಬ್ ಬಿಟ್ಟಿದ್ದ. ಯಾಶಿನ್ ಹಾಕಿ ಬಿಟ್ಟು ಫುಟ್‌ಬಾಲಿಗೆ ನಿಂತ. 1954ರಲ್ಲಿ ಡೈನಮೊ ಲೀಗ್ ಗೆದ್ದಿತು, ಸೆಪ್ಟೆಂಬರ್‌ನಲ್ಲಿ ಸ್ವೀಡನ್ ಎದುರು ಅವನು ದೇಶಕ್ಕೆ ಮೊದಲ ಪಂದ್ಯ ಆಡಿದ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ ಬಂತು. ಹೊರಗೆ ಓಡಿಬರುವುದು, ಚೆಂಡನ್ನು ಮುಷ್ಟಿಯಿಂದ ಗುದ್ದುವುದು, ಕೈಯಿಂದ ಎಸೆದು ದಾಳಿ ಶುರು ಮಾಡುವುದು, ಡಿಫೆನ್ಸನ್ನು ಕೂಗಿ ನಡೆಸುವುದು ಅವನ ಹೆಸರಿನ ಜೊತೆ ಸೇರಿಕೊಂಡವು. 1950ರಲ್ಲಿ ಅವನನ್ನು ಕೆಡವಿದ್ದ ಆಟವೇ ಅವನ ಆಟವಾಯಿತು.

ನಮ್ಮವರಲ್ಲೂ ಇಂಥ ಕಾಯುವಿಕೆ ಇದೆ. ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ, ಲೀಗ್ ಪಂದ್ಯಕ್ಕೆ 2016ರವರೆಗೆ ಕಾದ. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಕಂಠೀರವದಲ್ಲಿ ನಾವು ಕಂಡದ್ದು ಆ ಕಾಯುವಿಕೆಯ ಫಲವನ್ನು.

ಸ್ಟ್ರೈಕರ್ ಹತ್ತು ಅವಕಾಶ ಕೆಡಿಸಿ ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಹೆಗಲ ಮೇಲೆ ಹೊರುತ್ತೇವೆ. ಹದಿನೇಳರ ಕೀಪರ್ ಒಂದು ಚೆಂಡು ಬಿಟ್ಟರೆ ಮುಂದಿನ ವಾರ ತಂಡದ ಪಟ್ಟಿಯಲ್ಲಿ ಅವನ ಹೆಸರಿರುವುದಿಲ್ಲ. ಡೈನಮೊ ಯಾಶಿನ್‌ನನ್ನು ತಂಡದಿಂದ ಹೊರಗಿಟ್ಟಿತು, ಕ್ಲಬ್ಬಿನಿಂದ ಹೊರಗೆ ಹಾಕಲಿಲ್ಲ. ಅಭ್ಯಾಸ, ಇನ್ನೊಂದು ಗೋಲು, ನಂಬುವ ಒಬ್ಬ ಕೋಚ್, ಇಷ್ಟನ್ನೂ ಅವನಿಗೆ ಉಳಿಸಿಕೊಟ್ಟಿತು. ನಮ್ಮ ಕ್ಲಬ್‌ಗಳೂ ಎರಡನೇ ಕೀಪರ್‌ಗೆ ಇಷ್ಟಾದರೂ ಕೊಡಲಿ.