ಸುರಕ್ಷಿತಕಾಲವೋ ಗರ್ಭನಿರೋಧವೋ: ಕ್ರೈಸ್ತ ದಾಂಪತ್ಯದ ಒಂದು ಪ್ರಶ್ನೆ ಮತ್ತು ಕನ್ನಡನಾಡಿನ ಅನುಭವ (1930–1981)

1

ಮಕ್ಕಳ ಸಂಖ್ಯೆಯನ್ನೂ ಅವರ ನಡುವಣ ಅಂತರವನ್ನೂ ತಮ್ಮ ವಿವೇಕಕ್ಕೆ ಒಳಪಡಿಸಿಕೊಳ್ಳಬೇಕೆಂದು ಬಯಸುವ ಕ್ರೈಸ್ತ ದಂಪತಿಗಳ ಮುಂದೆ ಎರಡು ದಾರಿಗಳು ಇವೆ. ಗರ್ಭ ನಿಲ್ಲಬಹುದಾದ ದಿನಗಳನ್ನು ಅರಿತು ಆ ದಿನಗಳಲ್ಲಿ ಸಂಯಮದಿಂದಿರುವುದು ಮೊದಲನೆಯದು. ಇದನ್ನು ಸ್ವಾಭಾವಿಕ ಪದ್ಧತಿ ಅಥವಾ ಸುರಕ್ಷಿತಕಾಲ ಪದ್ಧತಿ ಎನ್ನುತ್ತಾರೆ. ಔಷಧ, ಸಾಧನ ಅಥವಾ ಶಸ್ತ್ರಕ್ರಿಯೆಯಿಂದ ಗರ್ಭಧಾರಣೆಯನ್ನು ತಡೆಯುವುದು ಎರಡನೆಯದು. ಇವೆರಡರ ತಾರತಮ್ಯವನ್ನು ಧರ್ಮಜಿಜ್ಞಾಸೆಯ ವಿಷಯವೆಂದು ಭಾವಿಸಿ ದೇವತಾಶಾಸ್ತ್ರಜ್ಞರಿಗೆ ಬಿಟ್ಟುಕೊಡುವುದು ವಾಡಿಕೆಯಾಗಿದೆ. ಆದರೆ ಇದು ನಮ್ಮ ನಾಡಿನ ಇತಿಹಾಸಕ್ಕೂ ಸೇರಿದ ವಿಷಯ. ಸಂತಾನನಿಯಂತ್ರಣದ ಜಾಗತಿಕ ಚರಿತ್ರೆಯಲ್ಲಿ ಮೈಸೂರು ಸೀಮೆಯ ಹೆಸರು ಒಂದಲ್ಲ, ಮೂರು ಸಲ ಬರುತ್ತದೆ: 1930ರಲ್ಲಿ ಸರ್ಕಾರೀ ಚಿಕಿತ್ಸಾಲಯಗಳಿಂದ, 1952ರಲ್ಲಿ ರಾಮನಗರದ ಪ್ರಯೋಗದಿಂದ, 1970ರ ದಶಕದಲ್ಲಿ ಬೆಂಗಳೂರಿನಲ್ಲಿ ನಡೆದ ಪರೀಕ್ಷೆಯಿಂದ.

ಈ ಮೂರು ಸಂದರ್ಭಗಳನ್ನು ಒಟ್ಟಿಗಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ. ಸ್ವಾಭಾವಿಕ, ಕೃತಕ ಎಂಬ ವಿಂಗಡಣೆಯನ್ನು ಮಾಡಿದವರು ಸಭೆಗಳ ಹಿರಿಯರು ಮತ್ತು ಸರ್ಕಾರಗಳು. ಗಂಡ ಹೆಂಡಿರು ತೂಗಿ ನೋಡಿದ ತಕ್ಕಡಿ ಬೇರೆಯದಾಗಿತ್ತೆಂದು ನಮಗೆ ತೋರುತ್ತದೆ.

2

1930ನೆಯ ಇಸವಿ ಈ ವಿಷಯದಲ್ಲಿ ಒಂದು ಸಂಧಿವರ್ಷ. ಆ ವರ್ಷದ ಜೂನ್ 11ರಂದು ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದರು, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದರು. ಸರ್ಕಾರವೊಂದು ತಾನೇ ಮುಂದಾಗಿ ಇಂತಹ ಚಿಕಿತ್ಸಾಲಯಗಳನ್ನು ನಡೆಸಿದ್ದು ಜಗತ್ತಿನಲ್ಲೇ ಮೊದಲೆಂದು ಇತಿಹಾಸಕಾರರು ಗಣಿಸುತ್ತಾರೆ.

ಅದೇ ವರ್ಷದ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರ ಸಮ್ಮೇಳನವು ತನ್ನ 15ನೆಯ ನಿರ್ಣಯದಲ್ಲಿ, ಸಂತಾನವನ್ನು ಮಿತಗೊಳಿಸಲು ನೈತಿಕ ಕಾರಣವಿದ್ದು, ಪೂರ್ಣ ಸಂಯಮವನ್ನು ತೊರೆಯಲು ಸಹ ಸಮರ್ಥ ಕಾರಣವಿದ್ದರೆ ಬೇರೆ ವಿಧಾನಗಳನ್ನು ಬಳಸಬಹುದೆಂದು ಒಪ್ಪಿತು. ನಿರ್ಣಯದ ಪರವಾಗಿ 193, ವಿರೋಧವಾಗಿ 67 ಮತಗಳು ಬಿದ್ದವು. ಇದೇ ಸಮ್ಮೇಳನ 1920ರಲ್ಲಿ ಗರ್ಭನಿರೋಧವನ್ನು ಖಂಡಿಸಿತ್ತೆಂಬುದನ್ನು ನೆನೆದರೆ ಬದಲಾವಣೆಯ ಅಗಾಧತೆ ತಿಳಿಯುತ್ತದೆ. ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಹನ್ನೊಂದನೆಯ ಪಯಸ್ ಪೋಪರು ‘ಕಾಸ್ತಿ ಕೊನ್ನೂಬೀ’ ಎಂಬ ಪತ್ರದ ಮೂಲಕ ಉತ್ತರ ಕೊಟ್ಟರು. ದಾಂಪತ್ಯ ಕ್ರಿಯೆಯನ್ನು ಬುದ್ಧಿಪೂರ್ವಕವಾಗಿ ನಿಷ್ಫಲಗೊಳಿಸುವುದು ನಿಸರ್ಗಧರ್ಮಕ್ಕೆ ವಿರುದ್ಧವೆಂದು ಅದು ಸಾರಿತು. ಆದರೆ ಕಾಲದ ಅಥವಾ ಇತರ ಸಹಜ ಕಾರಣದಿಂದ ಗರ್ಭ ನಿಲ್ಲದಂತಹ ಸಮಯದಲ್ಲಿ ಕೂಡುವುದು ದೋಷವಲ್ಲವೆಂದೂ ಹೇಳಿತು. ಹನ್ನೆರಡನೆಯ ಪಯಸರು 1951ರ ಅಕ್ಟೋಬರ್ 29ರಂದು ಸೂಲಗಿತ್ತಿಯರನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಈ ಸಣ್ಣ ಬಾಗಿಲನ್ನು ಅಗಲವಾಗಿ ತೆರೆದರು. ವೈದ್ಯಕೀಯ, ಆರ್ಥಿಕ, ಸಾಮಾಜಿಕ ಮೊದಲಾದ ಗುರುತರ ಕಾರಣಗಳಿದ್ದರೆ ದಂಪತಿಗಳು ಸುರಕ್ಷಿತಕಾಲವನ್ನೇ ಅನುಸರಿಸಬಹುದೆಂದು ಅವರು ಸ್ಪಷ್ಟಪಡಿಸಿದರು.

ಹೀಗಾಗಿ ಕನ್ನಡನಾಡಿನ ಕ್ರೈಸ್ತರೆಲ್ಲರಿಗೂ ಈ ಪ್ರಶ್ನೆ ಒಂದೇ ರೂಪದಲ್ಲಿ ಎದುರಾಗಲಿಲ್ಲ. ಮಂಗಳೂರು, ಬೆಂಗಳೂರುಗಳ ಕಥೋಲಿಕ ಕುಟುಂಬಗಳಿಗೆ ವಿಧಾನದ ಆಯ್ಕೆಯೇ ಪಾಪನಿವೇದನೆಯ ವಿಷಯವಾಗಿತ್ತು. ಬೀದರ ಸೀಮೆಯ ಕ್ರೈಸ್ತರಲ್ಲಿ ಬಹುಮಂದಿ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಸಭೆಗೆ ಸೇರಿದವರು. 1930ರ ಮೈಸೂರಿನ ಆಜ್ಞೆ ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಅನ್ವಯಿಸಲಿಲ್ಲ. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕಾಕತಾಳೀಯವೆಂಬಂತೆ ಅದೇ 1956ರಲ್ಲಿ ಅಮೆರಿಕದ ಮೆಥೊಡಿಸ್ಟ್ ಮಹಾಸಭೆಯು ಕ್ರೈಸ್ತ ಅಂತಃಸಾಕ್ಷಿಗೆ ಅನುಗುಣವಾದ ಯೋಜಿತ ಪಿತೃತ್ವವು ದೈವೇಚ್ಛೆಗೆ ವಿರುದ್ಧವಲ್ಲವೆಂದು ಘೋಷಿಸಿತು. ಒಂದೇ ರಾಜ್ಯದ ಎರಡು ಕ್ರೈಸ್ತ ಮನೆಗಳಲ್ಲಿ, ಒಂದೇ ಬೈಬಲನ್ನು ಓದುವವರಿಗೆ, ಒಂದೇ ಕೃತ್ಯ ಒಂದೆಡೆ ದೋಷವಾಗಿಯೂ ಇನ್ನೊಂದೆಡೆ ಕರ್ತವ್ಯವಾಗಿಯೂ ಕಂಡಿತು.

3

ಸಭೆಗಳ ಈ ವಾದ ವಿವಾದದ ಪರಿಣಾಮ ಕ್ರೈಸ್ತರಿಗಷ್ಟೇ ಸೀಮಿತವಾಗಲಿಲ್ಲ. ಬೆಂಗಳೂರು–ಮೈಸೂರು ದಾರಿಯಲ್ಲಿರುವ, ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರಕ್ಕೆ ಅದು ಬಂದು ಮುಟ್ಟಿದ ಬಗೆ ಕುತೂಹಲಕರವಾಗಿದೆ.

ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರು ಕಪುರ್ತಲದ ರಾಜಮನೆತನದ ಕ್ರೈಸ್ತ ಶಾಖೆಯಲ್ಲಿ ಹುಟ್ಟಿದವರು, ಪ್ರಾಟೆಸ್ಟಂಟರು, ಗಾಂಧೀಜಿಯವರ ನಿಕಟ ಅನುಯಾಯಿ. ಗರ್ಭನಿರೋಧಕ ಸಾಧನಗಳಿಗೆ ಅವರಿಗಿದ್ದ ಆಕ್ಷೇಪದ ಮೂಲ ರೋಮ್ ಅಲ್ಲ, ವಾರ್ಧಾ. 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಸಂವಾದ ನಡೆಸಿದಾಗ ಗಾಂಧೀಜಿ ಸಾಧನಗಳನ್ನು ನಿರಾಕರಿಸಿದ್ದರು. ಸುರಕ್ಷಿತಕಾಲ ಪದ್ಧತಿಯಲ್ಲಿ ಸಂಯಮದ ಅಂಶವಿರುವುದರಿಂದ ಅದನ್ನು ಅಷ್ಟು ಕಟುವಾಗಿ ಕಂಡಿರಲಿಲ್ಲ. ಹೀಗೆ ಗಾಂಧೀಮಾರ್ಗವೂ ಕಥೋಲಿಕ ಬೋಧನೆಯೂ ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಪದ್ಧತಿಯಲ್ಲಿ ಸಂಧಿಸಿದವು.

ಸಚಿವೆಯ ಆಹ್ವಾನದ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯು 1951ರ ಕೊನೆಯಲ್ಲಿ ಡಾ. ಏಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳುಹಿಸಿತು. ಸ್ಟೋನ್ ಅವರು ನ್ಯೂಯಾರ್ಕಿನ ಮಾರ್ಗರೆಟ್ ಸ್ಯಾಂಗರ್ ಸಂಶೋಧನಾಲಯದ ನಿರ್ದೇಶಕರು, ಗರ್ಭನಿರೋಧದ ಪ್ರಸಿದ್ಧ ಪ್ರತಿಪಾದಕರು. ಆದರೆ ಇಲ್ಲಿ ಅವರು ಬೋಧಿಸಬೇಕಾದದ್ದು ಸುರಕ್ಷಿತಕಾಲ ಪದ್ಧತಿಯೊಂದನ್ನೇ. 1952ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಮ್ಮೇಳನದಲ್ಲಿ ಜನಸಂಖ್ಯಾ ಪ್ರಶ್ನೆಗೆ ತಜ್ಞರ ಸಮಿತಿಯೊಂದನ್ನು ನೇಮಿಸಬೇಕೆಂದು ನಾರ್ವೆ ಸೂಚಿಸಿದಾಗ, ಬೆಲ್ಜಿಯಂ, ಐರ್ಲೆಂಡ್, ಇಟಲಿ ಮೊದಲಾದ ಕಥೋಲಿಕ ಬಾಹುಳ್ಯದ ದೇಶಗಳು ತೀವ್ರವಾಗಿ ಪ್ರತಿಭಟಿಸಿದವು, ಸೂಚನೆ ಬಿದ್ದುಹೋಯಿತು. ಆ ವಾತಾವರಣದಲ್ಲಿ ಸಂಸ್ಥೆ ನೀಡಬಹುದಾಗಿದ್ದ ನೆರವು ಈ ಒಂದು ಪದ್ಧತಿಗೆ ಮಾತ್ರ. ಪ್ರಯೋಗಕ್ಕೆ ದೆಹಲಿಯ ಲೋದಿ ಕಾಲೋನಿಯನ್ನೂ ಮೈಸೂರು ರಾಜ್ಯದ ರಾಮನಗರವನ್ನೂ ಆರಿಸಲಾಯಿತು. ಇವೆರಡರಲ್ಲಿ ಹಳ್ಳಿಗಾಡಿನ ಜೀವನವನ್ನು ಪ್ರತಿನಿಧಿಸಿದ್ದು ರಾಮನಗರ.

ಪದ್ಧತಿಯ ತಿರುಳು ಸರಳವಾದದ್ದು. ಜಪಾನಿನ ಓಗಿನೊ, ಆಸ್ಟ್ರಿಯದ ಕ್ನೌಸ್ ಎಂಬ ವೈದ್ಯರು 1920ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡಂತೆ, ಅಂಡವು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಆದುದರಿಂದ ಹೆಂಗಸು ಹಲವು ತಿಂಗಳ ಋತುಚಕ್ರಗಳನ್ನು ಗುರುತಿಟ್ಟುಕೊಂಡು, ಅತಿ ಚಿಕ್ಕ ಚಕ್ರದ ದಿನಗಳಿಂದ 18ನ್ನೂ ಅತಿ ದೀರ್ಘ ಚಕ್ರದಿಂದ 11ನ್ನೂ ಕಳೆಯಬೇಕು. ಚಕ್ರಗಳು 26ರಿಂದ 31 ದಿನಗಳ ನಡುವೆ ಇದ್ದರೆ 8ನೆಯ ದಿನದಿಂದ 20ನೆಯ ದಿನದವರೆಗೆ, ಅಂದರೆ 13 ದಿನ, ದಂಪತಿಗಳು ದೂರವಿರಬೇಕು. ಮುಟ್ಟಿನ ದಿನಗಳನ್ನೂ ಸೇರಿಸಿದರೆ ತಿಂಗಳ ಅರ್ಧಕ್ಕಿಂತ ಹೆಚ್ಚು ಭಾಗ ಸಂಯಮಕ್ಕೇ ಸಲ್ಲುತ್ತದೆ.

ದಿನಗಳ ಎಣಿಕೆ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಹೊರಗಾದ ದಿನ ಮನೆಮಂದಿಗೆಲ್ಲ ತಿಳಿಯುತ್ತಿದ್ದ ಕಾಲ ಅದು. ಋತುಕಾಲವು 16 ರಾತ್ರಿಗಳದೆಂದು ಮನುಸ್ಮೃತಿಯೂ ಗಣಿಸುತ್ತದೆ; ಆ ಗಣನೆ ಸಂತಾನಪ್ರಾಪ್ತಿಗಾಗಿ ಹುಟ್ಟಿದ್ದು, ಹೊಸ ವೈದ್ಯದ ಲೆಕ್ಕದೊಡನೆ ಪೂರ್ತಿಯಾಗಿ ಹೊಂದುವುದೂ ಇಲ್ಲ. ಆದರೆ ಫಲದ ದಿನ, ಫಲವಿಲ್ಲದ ದಿನ ಎಂಬ ಭೇದ ಪರಿಚಿತವಾಗಿತ್ತು. ಹೊಸದಾಗಿದ್ದುದು ಬರೆದಿಡುವ ಅಭ್ಯಾಸ. ಓದುಬರಹ ಬಾರದ ಹೆಂಗಸರಿಗೆಂದು ಸ್ಟೋನ್ ಅವರು ಬಣ್ಣದ ಮಣಿಗಳ ಸರವನ್ನು ರೂಪಿಸಿದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಹಸುರು ಮಣಿ ಬಂದರೆ ನಿರ್ಭಯದ ದಿನ, ಕೆಂಪು ಮಣಿ ಬಂದರೆ ಗರ್ಭ ನಿಲ್ಲಬಹುದಾದ ದಿನ.

ಈ ಪ್ರಯೋಗದಿಂದ ಎರಡು ಸಂಗತಿಗಳು ಹೊರಬಿದ್ದವು. ಕೇಳಿದ ದಂಪತಿಗಳಲ್ಲಿ ಬಹುಪಾಲು ಜನ ಸಂತಾನಮಿತಿಯ ಉಪಾಯವನ್ನು ಕಲಿಯಲು ಬಯಸಿದರು. ಅದೇ ವೇಳೆಗೆ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ನಡೆಸಿದ, 1961ರಲ್ಲಿ ಪ್ರಕಟವಾದ ಮೈಸೂರು ಜನಸಂಖ್ಯಾ ಅಧ್ಯಯನವೂ ಇಂತಹ ಆಸಕ್ತಿಯನ್ನು ಗುರುತಿಸಿತು. ಹಳ್ಳಿಯ ಜನ ಮಕ್ಕಳನ್ನು ವಿಧಿಗೆ ಬಿಟ್ಟವರೆಂಬ ವಿದ್ವಾಂಸರ ನಂಬಿಕೆ ಇದರಿಂದ ಸಡಿಲವಾಯಿತು. ಆದರೆ ಸುರಕ್ಷಿತಕಾಲವನ್ನು ಕೊನೆಯವರೆಗೆ ಪಾಲಿಸಿದವರು ಕೆಲವರೇ. ಮಣಿ ಸರಿಸುವುದನ್ನು ಮರೆಯುವುದು, ಕತ್ತಲೆಯಲ್ಲಿ ಬಣ್ಣ ತಿಳಿಯದಿರುವುದು ಮೊದಲಾದ ಕಥೆಗಳು ಬಹಳ ಪ್ರಚಾರಕ್ಕೆ ಬಂದವು. ಅವನ್ನು ನಗೆಯ ಪ್ರಸಂಗಗಳಾಗಿ ಹೇಳುವವರು ಮರೆಯುವ ಮಾತೊಂದಿದೆ. ಮೊಲೆಯೂಡಿಸುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟು ಮರಳುವುದಿಲ್ಲ. ಮರಳಿದ ಮೇಲೂ ಕ್ರಮ ತಪ್ಪಿರುತ್ತದೆ. ಎಣಿಕೆ ಅತ್ಯಗತ್ಯವಾದ ಹೊತ್ತಿನಲ್ಲೇ ಎಣಿಕೆಗೆ ಆಧಾರವಿರುವುದಿಲ್ಲ. ಮೇಲಾಗಿ ಸರ ಹೆಂಡತಿಯ ಕೈಯಲ್ಲಿದ್ದರೂ ಕೆಂಪು ಮಣಿಯ ಮಾತನ್ನು ನಡೆಸಿಕೊಡಬೇಕಾದವನು ಗಂಡ.

ಆ ದಂಪತಿಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಅವರು ಕೇಳಿದ್ದು ಒಂದು ಉಪಾಯವನ್ನು. ಅವರಿಗೆ ದೊರೆತದ್ದು ರೋಮ್, ಜಿನೀವಾ, ವಾರ್ಧಾಗಳ ತತ್ತ್ವಗಳಿಗೆ ಒಪ್ಪಿಗೆಯಾಗಿ ಉಳಿದ ಒಂದೇ ಉಪಾಯ. ಆದ್ದರಿಂದ ರಾಮನಗರದಲ್ಲಿ ಸೋತದ್ದು ಒಂದು ಪದ್ಧತಿಯೆಂದು ಹೇಳುವುದಕ್ಕಿಂತ, ಆಯ್ಕೆಯಿಲ್ಲದ ಕೊಡುಗೆಯೆಂದು ಹೇಳುವುದು ಹೆಚ್ಚು ನ್ಯಾಯವಾದೀತು.

4

ಮುಂದಿನ ವರ್ಷಗಳಲ್ಲಿ ಸರ್ಕಾರದ ನೀತಿ ಇನ್ನೊಂದು ಕಡೆಗೆ ವಾಲಿತು. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟಿದ್ದರೆ ಎರಡನೆಯದರಲ್ಲಿ ಸುಮಾರು 5 ಕೋಟಿ ಇಡಲಾಯಿತು. 1965ರಲ್ಲಿ ವಂಕಿ, 1968ರಲ್ಲಿ ನಿರೋಧ್ ಬಂದವು; ಶಸ್ತ್ರಕ್ರಿಯೆ ಎಲ್ಲಕ್ಕೂ ಮುಂದಾಯಿತು. ವಂಕಿ ಧರಿಸಿದ ಅನೇಕ ಹೆಂಗಸರು ರಕ್ತಸ್ರಾವಕ್ಕೆ ಅಂಜಿ ತೆಗೆಸಿಕೊಂಡರು. 1975–77ರ ತುರ್ತುಪರಿಸ್ಥಿತಿಯಲ್ಲಿ ದೇಶದ ಹಲವೆಡೆ ಶಸ್ತ್ರಕ್ರಿಯೆಯು ಬಲಾತ್ಕಾರದ ರೂಪ ತಾಳಿತು. ರಾಮನಗರದಲ್ಲಿ ಸ್ವಾಭಾವಿಕ ಪದ್ಧತಿಯನ್ನು ಒಂದೇ ಆಯ್ಕೆಯಾಗಿ ಕೊಟ್ಟದ್ದು ತಪ್ಪಾದರೆ, ಶಸ್ತ್ರಕ್ರಿಯೆಯನ್ನು ಒಂದೇ ಆಯ್ಕೆಯಾಗಿ ಹೇರಿದ್ದು ಇನ್ನೂ ಘೋರವಾದ ತಪ್ಪು.

ಕಥೋಲಿಕ ಸಭೆಯಲ್ಲಿಯೂ ಈ ಕಾಲದಲ್ಲಿ ಗಂಭೀರ ಮಂಥನ ನಡೆಯಿತು. ಇಪ್ಪತ್ತಮೂರನೆಯ ಯೋವಾನ್ನ ಪೋಪರು 1963ರಲ್ಲಿ ನೇಮಿಸಿ, ಆರನೆಯ ಪಾಲ್ ಪೋಪರು ವಿಸ್ತರಿಸಿದ ಆಯೋಗದಲ್ಲಿ ವಿವಾಹಿತ ದಂಪತಿಗಳಿಗೂ ಸ್ಥಾನ ದೊರೆಯಿತು. ಷಿಕಾಗೋದ ಕ್ರೌಲಿ ದಂಪತಿಗಳು ಹಲವು ದೇಶಗಳ ಕಥೋಲಿಕ ಗಂಡ ಹೆಂಡಿರ ಪತ್ರಗಳನ್ನು ಆಯೋಗದ ಮುಂದಿಟ್ಟರು. ಸುರಕ್ಷಿತಕಾಲವನ್ನು ನಿಷ್ಠೆಯಿಂದ ಪಾಲಿಸಿದವರೇ ಅದರ ಭಯ, ಮನಸ್ತಾಪಗಳನ್ನು ಅಲ್ಲಿ ತೋಡಿಕೊಂಡಿದ್ದರು. ಅದು ತಮ್ಮ ಅನ್ಯೋನ್ಯವನ್ನು ಬೆಳೆಸಿತೆಂದು ಬರೆದವರೂ ಇದ್ದರು. 1966ರಲ್ಲಿ ಆಯೋಗದ ಬಹುಮತ ಬದಲಾವಣೆಯ ಪರವಾಗಿತ್ತು. ಪೋಪರು ಅದನ್ನು ಒಪ್ಪಲಿಲ್ಲ. 1968ರ ಜುಲೈ 25ರ ‘ಹ್ಯೂಮಾನೆ ವೀಟೆ’ ಪತ್ರವು ಹಳೆಯ ನಿಲುವನ್ನೇ ಎತ್ತಿಹಿಡಿಯಿತು. ಅಧಿಕಾರಾರೂಢರು ಪ್ರಜೆಗಳ ಮೇಲೆ ಗರ್ಭನಿರೋಧವನ್ನು ಹೇರುವ ಅಪಾಯವನ್ನೂ ಎಚ್ಚರಿಸಿತು. ಏಳೆಂಟು ವರ್ಷಗಳ ಅನಂತರ ಭಾರತ ಕಂಡ ಬಲಾತ್ಕಾರದ ಬೆಳಕಿನಲ್ಲಿ ಆ ಎಚ್ಚರಿಕೆಯನ್ನು ಲಘುವಾಗಿ ಕಾಣುವಂತಿಲ್ಲ.

ಪತ್ರ ಹೊರಟ ಮೇಲೆ ಕಥೋಲಿಕ ವೈದ್ಯರು ಸ್ವಾಭಾವಿಕ ಪದ್ಧತಿಯನ್ನು ಸುಧಾರಿಸುವುದರತ್ತ ಹೆಚ್ಚು ಗಮನ ಕೊಟ್ಟರು. ಆಸ್ಟ್ರೇಲಿಯದ ಬಿಲ್ಲಿಂಗ್ಸ್ ದಂಪತಿಗಳು ಕ್ಯಾಲೆಂಡರಿನ ಲೆಕ್ಕವನ್ನು ಬಿಟ್ಟು, ಗರ್ಭಕೊರಳಿನ ಸ್ರಾವದ ಬದಲಾವಣೆಯಿಂದ ಫಲದ ದಿನಗಳನ್ನು ಗುರುತಿಸುವ ಕ್ರಮವನ್ನು ಬೋಧಿಸಿದರು. ಋತುಚಕ್ರ ಕ್ರಮ ತಪ್ಪಿದವರಿಗೂ ಇದು ಸಾಧ್ಯ. 1970ರ ದಶಕದ ಉತ್ತರಾರ್ಧದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಐದು ಊರುಗಳಲ್ಲಿ ಪರೀಕ್ಷಿಸಿತು: ಆಕ್ಲೆಂಡ್, ಡಬ್ಲಿನ್, ಮನಿಲಾ, ಸಾನ್ ಮಿಗೆಲ್ ಮತ್ತು ನಮ್ಮ ಬೆಂಗಳೂರು.

1981ರಲ್ಲಿ ಪ್ರಕಟವಾದ ಫಲಿತಾಂಶಗಳು ನಮ್ಮ ವಿವೇಚನೆಗೆ ಬಹುಮುಖ್ಯವಾದವು. ಪರೀಕ್ಷೆಗೆ ಸೇರಿದ 869 ಮಂದಿ ಹೆಂಗಸರಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವರು ಮೊದಲ ಚಕ್ರದಲ್ಲೇ ಲಕ್ಷಣಗಳನ್ನು ಗುರುತಿಸಬಲ್ಲವರಾದರು. ಎಲ್ಲರೂ ಓದು ಬಲ್ಲವರಾಗಿರಲಿಲ್ಲ ಎಂಬುದು ಗಮನಾರ್ಹ. ಮುಂದಿನ ಘಟ್ಟದಲ್ಲಿ ಉಳಿದ 725 ಮಂದಿಯಲ್ಲಿ ಗರ್ಭಧಾರಣೆಯ ಪ್ರಮಾಣ ನೂರು ಸ್ತ್ರೀವರ್ಷಗಳಿಗೆ 22.3 ಆಯಿತು. ಇದರಲ್ಲಿ ಪದ್ಧತಿಯ ದೋಷಕ್ಕೆ ಸಲ್ಲುವುದು 2.8 ಮಾತ್ರ, 15.4 ಬಂದದ್ದು ಫಲದ ದಿನವೆಂದು ತಿಳಿದೂ ದಂಪತಿಗಳು ಕೂಡಿದ್ದರಿಂದ. ಪದ್ಧತಿಯ ಪಕ್ಷದವರು ಮೊದಲ ಅಂಕಿಯನ್ನೂ ವಿರೋಧಿಗಳು ಮೊತ್ತವನ್ನೂ ಎತ್ತಿ ಹೇಳುತ್ತಾರೆ. ನಮ್ಮ ಗಮನ ನಡುವಣ ಅಂಕಿಯ ಮೇಲೆ ನಿಲ್ಲುತ್ತದೆ. ಅರಿವಿಗೆ ಕೊರತೆಯಿರಲಿಲ್ಲ, ತಿಳಿದ ಮೇಲೆ ಇಬ್ಬರೂ ಒಮ್ಮನಸ್ಸಿನಿಂದ ನಡೆಯುವುದು ಕಷ್ಟವಾಗಿತ್ತು.

5

ಈಗ ಆರಂಭದಲ್ಲಿ ಹೇಳಿದ ತಕ್ಕಡಿಯ ಮಾತಿಗೆ ಬರೋಣ. 1951ರ ಪೋಪರ ಭಾಷಣವನ್ನೂ, ಮಕ್ಕಳ ಸಂಖ್ಯೆಯ ಹೊಣೆ ತಂದೆತಾಯಿಯರ ಅಂತಃಸಾಕ್ಷಿಯದೆಂದ 1958ರ ಲ್ಯಾಂಬೆತ್ ನಿರ್ಣಯವನ್ನೂ ಜೊತೆಗಿಟ್ಟು ನೋಡಿದರೆ, ಸಂತಾನದ ವಿಷಯದಲ್ಲಿ ವಿವೇಕ ಸಲ್ಲತಕ್ಕದ್ದೆಂಬುದನ್ನು ಎರಡು ಸಭೆಗಳೂ ಒಪ್ಪಿದ್ದವು. ಭೇದ ಉಳಿದದ್ದು ಸಾಧನದಲ್ಲಿ. ಸಾಧನದ ಭೇದವೆಂದರೆ ದಂಪತಿಗಳ ಪಾಲಿಗೆ ಹೊಣೆಯ ಭೇದ. ಸುರಕ್ಷಿತಕಾಲಕ್ಕೆ ಖರ್ಚಿಲ್ಲ, ದೇಹಕ್ಕೆ ಹಾನಿಯಿಲ್ಲ. ಆದರೆ ಗಂಡನ ಸಮ್ಮತಿಯಿಲ್ಲದೆ ಅದು ಒಂದು ತಿಂಗಳೂ ನಡೆಯದು. ಗುಳಿಗೆಯನ್ನೋ ವಂಕಿಯನ್ನೋ ಹೆಂಡತಿಯೊಬ್ಬಳೇ ನಿರ್ವಹಿಸಬಲ್ಲಳು. ಅದರ ತೊಂದರೆಯನ್ನು ಉಣ್ಣುವವಳೂ ಅವಳೊಬ್ಬಳೇ.

ಕರ್ನಾಟಕದ ಬಹುಪಾಲು ಕುಟುಂಬಗಳು ಅಂತಿಮವಾಗಿ ಹಿಡಿದ ದಾರಿ ಇದನ್ನೇ ಸಾರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿ ಶಸ್ತ್ರಕ್ರಿಯೆಯನ್ನು ಅವಲಂಬಿಸಿದ್ದಾರೆ. ಪುರುಷರ ಶಸ್ತ್ರಕ್ರಿಯೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹೆಂಗಸರು ಎಣಿಕೆಯ ದಾರಿಯನ್ನೂ ಬಿಟ್ಟರು, ತಾತ್ಕಾಲಿಕ ಸಾಧನಗಳ ದಾರಿಯನ್ನೂ ಬಿಟ್ಟರು. ಪ್ರತಿ ತಿಂಗಳೂ ಇನ್ನೊಬ್ಬರ ಸಮ್ಮತಿಯನ್ನು ಬೇಡದ ದಾರಿಯನ್ನು ಹಿಡಿದರು.

ಇತ್ತ ಮಣಿಸರ ಮರಳಿ ಬಂದಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 26ರಿಂದ 32 ದಿನಗಳ ಚಕ್ರವುಳ್ಳವರಿಗೆ 8ರಿಂದ 19ನೆಯ ದಿನದವರೆಗೆ ಸಂಯಮವನ್ನು ಸೂಚಿಸುವ 32 ಮಣಿಗಳ ಸರವನ್ನು ರೂಪಿಸಿದರು. 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ಸರಿಯಾಗಿ ಪಾಲಿಸಿದ ನೂರು ಮಂದಿಯಲ್ಲಿ ಸುಮಾರು 5 ಮಂದಿಗೂ, ಸಾಮಾನ್ಯ ಬಳಕೆಯಲ್ಲಿ ಸುಮಾರು 12 ಮಂದಿಗೂ ಒಂದು ವರ್ಷದಲ್ಲಿ ಗರ್ಭ ನಿಂತಿತು. ಇದನ್ನು ಬೇಕೆಂದು ಆರಿಸಿಕೊಂಡವರಿಗೆ ಇತರ ವಿಧಾನಗಳ ಬಾಗಿಲೂ ತೆರೆದೇ ಇತ್ತು. ರಾಮನಗರದ ದಂಪತಿಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಒಟ್ಟಿನಲ್ಲಿ, ಸ್ವಾಭಾವಿಕ ಪದ್ಧತಿಯನ್ನು ಅಂತಃಸಾಕ್ಷಿಯಿಂದ ಆರಿಸಿದ ಕಥೋಲಿಕ ದಂಪತಿಗಳನ್ನು ಹಳೆಯ ಕಾಲದವರೆಂದು ಹಳಿಯುವುದಕ್ಕೂ, ಗರ್ಭನಿರೋಧವನ್ನು ಅಂತಃಸಾಕ್ಷಿಯಿಂದ ಆರಿಸಿದ ಮೆಥೊಡಿಸ್ಟ್ ದಂಪತಿಗಳನ್ನು ಸಡಿಲರೆಂದು ಹಳಿಯುವುದಕ್ಕೂ ಇತಿಹಾಸದಲ್ಲಿ ಆಧಾರವಿಲ್ಲ. ಕನ್ನಡನಾಡಿನ ಅರ್ಧ ಶತಮಾನದ ಅನುಭವ ಹೇಳುವುದಿಷ್ಟು: ಯಾವ ಪದ್ಧತಿಯೇ ಆಗಲಿ, ಗಂಡ ಹೆಂಡಿರು ಕೂಡಿ ಆರಿಸಿದಲ್ಲಿ ನಿಂತಿತು, ಅವರ ಪರವಾಗಿ ಇತರರು ಆರಿಸಿದಲ್ಲಿ ಕುಸಿಯಿತು. ಸಭೆಗಳ ನಿರ್ಣಯಗಳನ್ನೂ ಸರ್ಕಾರದ ಆಜ್ಞೆಗಳನ್ನೂ ಅಭ್ಯಸಿಸುವ ವಿದ್ಯಾರ್ಥಿಗಳು ಅವುಗಳ ಜೊತೆಗೆ ಆ ನಿರ್ಣಯಗಳು ತಲುಪಿದ ಮನೆಗಳನ್ನೂ ಅಭ್ಯಸಿಸಬೇಕಾದ ಅವಶ್ಯಕತೆ ಇದರಿಂದ ವ್ಯಕ್ತವಾಗುತ್ತದೆ.