ರಾತ್ರಿಯ ದಮ್ಮೂ ಹೊಟ್ಟೆಯ ಹುಳಿಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯವರಿಗೆ ದಮ್ಮು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ನೆಟ್ಟಗಿದ್ದವನು ರಾತ್ರಿ ತಡವಾಗಿ ರೊಟ್ಟಿ, ಎಣಗಾಯಿ, ಕೆಂಪು ಚಟ್ನಿ ಹೊಟ್ಟೆತುಂಬ ಉಂಡು ಮಲಗುತ್ತಾನೆ. ನಡುರಾತ್ರಿ ಎದೆ ಬಿಗಿದು ಎದ್ದು ಕೂಡುತ್ತಾನೆ. ಮನೆಯವರು ಚಳಿಯನ್ನೋ ಧೂಳನ್ನೋ ದೂರುತ್ತಾರೆ. ಅವೂ ಕಾರಣಗಳೇ. ಆದರೆ ಕೆಲವರಲ್ಲಿ ಹೊಟ್ಟೆಯ ಪಾಲೂ ಉಂಟೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಬಿಕ್ಕಳಿಕೆ, ಶ್ವಾಸರೋಗಗಳ ಹುಟ್ಟನ್ನು ಎದೆಯಲ್ಲಿ ಹುಡುಕದೆ ಪಿತ್ತಸ್ಥಾನದಲ್ಲಿ ಗುರುತಿಸುತ್ತದೆ. ಲಂಡನ್ನಿನ ಹೆನ್ರಿ ಹೈಡ್ ಸಾಲ್ಟರ್ ತಾನೇ ದಮ್ಮಿನ ರೋಗಿ. 1860ರಲ್ಲಿ ಬರೆದ ಗ್ರಂಥದಲ್ಲಿ ತಡರಾತ್ರಿಯ ಊಟ ಸಲ್ಲದೆಂದನು. 1892ರಲ್ಲಿ ಮೊದಲು ಅಚ್ಚಾದ ವಿಲಿಯಂ ಆಸ್ಲರನ ವೈದ್ಯಗ್ರಂಥವೂ ದಮ್ಮಿನವರು ದೊಡ್ಡ ಊಟವನ್ನು ನಡುಹಗಲಿಗೇ ಮುಗಿಸಲೆಂದು ಬುದ್ಧಿ ಹೇಳಿತು.

ಹೊಟ್ಟೆಯ ಹುಳಿ ಉಸಿರ್ನಾಳಕ್ಕೆ ಇಳಿದರೆ ಏನಾದೀತು? 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್, ಹೆರಿಗೆಯಲ್ಲಿ ಮಂಪರು ಮದ್ದು ಪಡೆದ ತಾಯಂದಿರಲ್ಲಿ ಇದನ್ನು ಕಂಡನು. ದಮ್ಮಿನಂತೆಯೇ ಉಸಿರು ಕಟ್ಟುತ್ತಿತ್ತು. ಅದು ಒಮ್ಮೆಲೇ ಒದಗುವ ದೊಡ್ಡ ಅಪಾಯ. ದಿನನಿತ್ಯದ ದಮ್ಮಿನಲ್ಲಿ ದಾರಿ ಸೂಕ್ಷ್ಮವಾದುದು. ಮಲಗಿದಾಗ ಹುಳಿ ಅನ್ನನಾಳಕ್ಕೆ ಏರಿ ಅಲ್ಲಿಯ ನರವನ್ನು ಕೆಣಕುತ್ತದೆ. ಅದೇ ನರದ ಕವಲು ಉಸಿರ್ನಾಳವನ್ನು ಬಿಗಿಯುತ್ತದೆ. ಕೆಲವೊಮ್ಮೆ ಹುಳಿಯ ಹನಿಗಳೇ ಒಳಕ್ಕೆ ಜಾರುವುದೂ ಉಂಟು. ತಿರುಗಿ, ದಮ್ಮಿನ ಏದುಸಿರೂ, ಥಿಯೋಫಿಲಿನ್‌ದಂಥ ಹಳೆಯ ಔಷಧವೂ ಹುಳಿಯನ್ನು ಮೇಲೇರಿಸಬಲ್ಲವು.

ಹಾಗಾದರೆ ಹುಳಿ ತಗ್ಗಿಸುವ ಗುಳಿಗೆ ನುಂಗಿದರೆ ದಮ್ಮು ನಿಂತೀತೇ? 2009ರಲ್ಲಿ ಅಮೇರಿಕೆಯ ವೈದ್ಯರು, ಹತೋಟಿಗೆ ಬಾರದ ದಮ್ಮಿದ್ದೂ ಎದೆಯುರಿ ಅಷ್ಟಾಗಿ ಇಲ್ಲದ 412 ಜನರಲ್ಲಿ ಇದನ್ನು ಪರೀಕ್ಷಿಸಿದರು. 24 ವಾರ ಗುಳಿಗೆ ನುಂಗಿದವರ ದಮ್ಮು, ಬರಿಯ ಹುಸಿಗುಳಿಗೆ ನುಂಗಿದವರದಕ್ಕಿಂತ ಕಡಿಮೆಯಾಗಲಿಲ್ಲ. ಹಳಬರ ನೋಟ ನಿಜ. ಆದರೆ ಅದು ಎಲ್ಲರ ದಮ್ಮಿಗೂ ಒಪ್ಪುವ ಮಾತಲ್ಲ.

ನಿಮ್ಮ ಮನೆಯಲ್ಲಿ ರಾತ್ರಿ ದಮ್ಮು ಕಾಡುವವರಿಗೆ ಹುಳಿತೇಗು, ಎದೆಯುರಿಗಳೂ ಇದ್ದರೆ ವೈದ್ಯರಿಗೆ ಅದನ್ನೂ ತಪ್ಪದೆ ತಿಳಿಸಿರಿ. ಮಲಗುವ ಮೂರು ತಾಸು ಮೊದಲೇ, ಮಿತವಾಗಿ ಉಣ್ಣಲಿ. ಮಂಚದ ತಲೆಗಡೆಯ ಕಾಲುಗಳಿಗೆ ಆರು ಅಂಗುಲದ ಮರದ ತುಂಡು ಕೊಡಿರಿ. ಆದರೆ ದಮ್ಮಿನ ಔಷಧವನ್ನು ನೀವಾಗಿಯೇ ಬಿಡಿಸಬೇಡಿರಿ. ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದರಂತೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.